ಮಾಂಟಿ ಪೈಥಾನ್ ಇವತ್ತು ನೋಡಿದರೆ ನಗು ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಹೇಳಿ, ಈ ಮಾಂಟಿ ಪೈಥಾನ್ ಯಾರು?

ಯಾರೂ ಅಲ್ಲ. ಆ ಹೆಸರಿನ ಮನುಷ್ಯನೇ ಇಲ್ಲ. 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್' ಅನ್ನೋದು ಬಿಬಿಸಿಯಲ್ಲಿ ಬರುತ್ತಿದ್ದ ಸ್ಕಿಟ್ ಕಾಮಿಡಿ. 1969ರ ಅಕ್ಟೋಬರ್ 5ರ ಭಾನುವಾರ ರಾತ್ರಿ ಶುರುವಾಯಿತು, 1974ರ ಡಿಸೆಂಬರ್ 5ಕ್ಕೆ ಮುಗಿಯಿತು. ನಾಲ್ಕು ಸೀಸನ್, ಒಟ್ಟು 45 ಎಪಿಸೋಡ್, ಒಂದೊಂದೂ ಸುಮಾರು ಅರ್ಧ ಗಂಟೆ. ಹೆಸರಿಡುವಾಗಲೂ ಇವರು ತಮಾಷೆಯನ್ನೇ ಮಾಡಿದರು. 'ಗೂಬೆ ಹಿಗ್ಗಿಸುವ ಹೊತ್ತು', 'ಒಂದು ಕುದುರೆ, ಒಂದು ಚಮಚ, ಒಂದು ಬೋಗುಣಿ' ಅನ್ನೋ ಅರ್ಥ ಬರುವ ಹೆಸರುಗಳೆಲ್ಲ ಪಟ್ಟಿಯಲ್ಲಿದ್ದವು.

ತಂಡದಲ್ಲಿ ಆರು ಜನ. ಗ್ರಹಾಂ ಚಾಪ್ಮನ್, ಜಾನ್ ಕ್ಲೀಸ್, ಎರಿಕ್ ಐಡಲ್ ಮೂವರೂ ಕೇಂಬ್ರಿಜ್‌ನವರು. ಟೆರ್ರಿ ಜೋನ್ಸ್, ಮೈಕಲ್ ಪೇಲಿನ್ ಆಕ್ಸ್‌ಫರ್ಡ್‌ನವರು. ಆರನೆಯವನು ಅಮೆರಿಕದಿಂದ ಬಂದ ಟೆರ್ರಿ ಗಿಲಿಯಂ. ಸ್ಕಿಟ್‌ಗಳ ನಡುವೆ ಬರುವ ವಿಚಿತ್ರ ಅನಿಮೇಷನ್ ಎಲ್ಲ ಅವನ ಕೈಕೆಲಸ. ಚಾಪ್ಮನ್ ಓದಿದ್ದು ಡಾಕ್ಟರಿಕೆ, ಕ್ಲೀಸ್ ಓದಿದ್ದು ಕಾನೂನು. ಬರೆಯುವವರೂ ಇವರೇ, ನಟಿಸುವವರೂ ಇವರೇ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಆ ಭಾಷೆ ಕಟ್ಟಿದ ಗೈಡೋ ವಾನ್ ರಾಸಮ್ ಹೆಸರಿಟ್ಟದ್ದು ಹಾವಿನ ನೆನಪಿಗಲ್ಲ, ಈ ಕಾರ್ಯಕ್ರಮದ ನೆನಪಿಗೆ. ಪೈಥಾನ್ ಕಲಿಸುವ ಪಾಠಗಳಲ್ಲಿ ಉದಾಹರಣೆಗೆ 'ಸ್ಪ್ಯಾಮ್', 'ಎಗ್ಸ್' ಅಂತ ಬರುತ್ತಲ್ಲ, ಅದೂ ಇಲ್ಲಿಯದೇ. ಬೆಂಗಳೂರಿನಲ್ಲಿ ದಿನಾ ಪೈಥಾನ್‌ನಲ್ಲಿ ಕೋಡ್ ಬರೆಯುವ ಎಷ್ಟೋ ಜನ ಈ ಸ್ಕಿಟ್ ನೋಡಿರುವುದೇ ಇಲ್ಲ.

ಬೇಡದ ಇಮೇಲ್‌ಗೆ ಸ್ಪ್ಯಾಮ್ ಅನ್ನೋ ಹೆಸರು ಬಂದದ್ದೂ 1970ರ ಡಿಸೆಂಬರ್‌ನ ಒಂದು ಸ್ಕಿಟ್‌ನಿಂದ. ಒಂದು ಹೋಟೆಲು. ಅಲ್ಲಿ ಯಾವ ತಿಂಡಿ ಕೇಳಿದರೂ ಸ್ಪ್ಯಾಮ್ ಅನ್ನೋ ಡಬ್ಬಿ ಮಾಂಸ ಸೇರಿಯೇ ಬರುತ್ತದೆ. ಒಬ್ಬಾಕೆ ತನಗೆ ಸ್ಪ್ಯಾಮ್ ಬೇಡ ಅಂತ ಗೋಳಾಡುತ್ತಾಳೆ. ಪಕ್ಕದ ಟೇಬಲ್‌ನಲ್ಲಿ ಕೊಂಬಿನ ಟೊಪ್ಪಿ ಹಾಕಿದ ವೈಕಿಂಗ್‌ಗಳು ಕೂತಿರುತ್ತಾರೆ. ಅವರು 'ಸ್ಪ್ಯಾಮ್ ಸ್ಪ್ಯಾಮ್' ಅಂತ ಹಾಡಿ ಉಳಿದ ಮಾತೆಲ್ಲ ಮುಳುಗಿಸುತ್ತಾರೆ. ಯುದ್ಧದ ಕಾಲದ ರೇಷನ್‌ನಲ್ಲಿ ಇಂಥ ಡಬ್ಬಿ ಮಾಂಸ ತಿಂದು ಸಾಕಾಗಿದ್ದ ಬ್ರಿಟಿಷರಿಗೆ ಅದು ಚುರುಕ್ ಅಂದಿರಬೇಕು. ನಮಗೆ ಆ ನೆನಪಿಲ್ಲ. ಆದರೆ ಇನ್‌ಬಾಕ್ಸ್ ಇದೆ.

ನೇರವಾಗಿ ಹೇಳಿ. ಇವತ್ತಿಗೂ ನಗು ಬರುತ್ತಾ?

ಬರುತ್ತೆ, ಆದರೆ ಎಲ್ಲ ಕಡೆ ಅಲ್ಲ. ನನ್ನ ಲೆಕ್ಕ ಹೀಗಿದೆ. ಕೋಟು ಹಾಕಿ ಮೇಜಿನ ಹಿಂದೆ ಕೂತವನನ್ನು ಗೇಲಿ ಮಾಡಿದ ಜಾಗಗಳೆಲ್ಲ ಈಗಲೂ ತಾಜಾ. ಅಧಿಕಾರಿ, ಮಂತ್ರಿ, ಮಿಲಿಟರಿ ಕರ್ನಲ್, ಪಾದ್ರಿ, ಟಿವಿ ನಿರೂಪಕ, ಬ್ಯಾಂಕಿನವನು, ಹೀಗೆ. ಟಿವಿಯನ್ನೇ ಗೇಲಿ ಮಾಡಿದ ಜಾಗಗಳಂತೂ ಇನ್ನೂ ಹರಿತವಾಗಿವೆ. ಸ್ಕಿಟ್ ಬರೆಯುವ ಕೋಣೆಯಲ್ಲಿ ಇಲ್ಲದವರನ್ನು, ಅಂದರೆ ಹೆಂಗಸರನ್ನು, ಕರಿಯರನ್ನು, ಚೀನಾ ಜಪಾನಿನವರನ್ನು ಆಡಿಕೊಂಡ ಜಾಗಗಳು ಮಾತ್ರ ಹಳಸಿವೆ. ಆರು ಜನ ಗಂಡಸರು ಕೂತು ಬರೆದದ್ದು ಅಂತ ಗೊತ್ತಾಗಿಬಿಡುತ್ತೆ.

ಇನ್ನೊಂದು ಮಾತು. ಬರೀ ಕ್ಲಿಪ್ ನೋಡಿ ತೀರ್ಮಾನಕ್ಕೆ ಬರಬೇಡಿ.

ಯಾಕೆ? ಎರಡು ನಿಮಿಷದ ಕ್ಲಿಪ್ ನೋಡಿದರೆ ಸಾಕಲ್ವಾ?

ಸಾಕಾಗಲ್ಲ. ಅವರು ಮಾಡಿದ ದೊಡ್ಡ ಕೆಲಸ ಇರುವುದೇ ಸ್ಕಿಟ್‌ನಿಂದ ಸ್ಕಿಟ್‌ಗೆ ದಾಟುವ ರೀತಿಯಲ್ಲಿ.

ಆಗಿನ ಕಾಮಿಡಿಗೆ ಒಂದು ಕಟ್ಟು ಇತ್ತು. ಸ್ಕಿಟ್ ಶುರುವಾಗಬೇಕು, ಬೆಳೆಯಬೇಕು, ಕೊನೆಯಲ್ಲಿ ಒಂದು ಪಂಚ್ ಬೀಳಬೇಕು, ಲೈಟ್ ಆರಬೇಕು. ಪೈಥಾನ್‌ನವರು ಪಂಚನ್ನೇ ತೆಗೆದುಹಾಕಿದರು. ಸ್ಕಿಟ್ ಸಾಕು ಅನ್ನಿಸಿದರೆ ಸುಮ್ನೆ ಬಿಟ್ಟು ಎದ್ದು ಹೋಗುತ್ತಾರೆ. ಇಲ್ಲವೇ ಚಾಪ್ಮನ್ ಕರ್ನಲ್ ವೇಷದಲ್ಲಿ ಬಂದು, ಇದು ತೀರಾ ಅಸಂಬದ್ಧವಾಯಿತು, ನಿಲ್ಲಿಸಿ ಅಂತ ಗದರುತ್ತಾನೆ. ರಕ್ಷಾಕವಚ ತೊಟ್ಟವನೊಬ್ಬ ಬಂದು ಹಸಿ ಕೋಳಿಯಿಂದ ತಲೆಗೆ ಬಾರಿಸಿ ಹೋಗುತ್ತಾನೆ. ಅಥವಾ ಮೇಲಿಂದ ದೊಡ್ಡದೊಂದು ಪಾದ ಬಂದು ಎಲ್ಲವನ್ನೂ ಅಪ್ಪಚ್ಚಿ ಮಾಡುತ್ತದೆ. ಆ ಪಾದವನ್ನು ಗಿಲಿಯಂ ಎತ್ತಿಕೊಂಡದ್ದು ಹದಿನಾರನೆಯ ಶತಮಾನದ ಇಟಲಿಯ ಬ್ರಾನ್ಜಿನೋ ಬರೆದ, ಪ್ರೇಮದೇವತೆ ವೀನಸ್‌ಳ ಚಿತ್ರದಿಂದ. ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿಗೆ ಹೋದಾಗ ಚಿತ್ರದ ಎಡ ಮೂಲೆಯಲ್ಲಿ ಕೆಳಗೆ ನೋಡಿ, ಅವಳ ಮಗ ಕ್ಯುಪಿಡ್‌ನ ಕಾಲು.

ಸತ್ತ ಗಿಣಿಯ ಸ್ಕಿಟ್ ತೆಗೆದುಕೊಳ್ಳಿ. 1969ರ ಡಿಸೆಂಬರ್ 7ರದ್ದು. ಅರ್ಧ ಗಂಟೆಯ ಹಿಂದೆ ಕೊಂಡ ಗಿಣಿ ಸತ್ತೇ ಇತ್ತು ಅಂತ ಕ್ಲೀಸ್ ಅಂಗಡಿಗೆ ವಾಪಸ್ ಬರುತ್ತಾನೆ. ಅಂಗಡಿಯವ ಪೇಲಿನ್. ಸತ್ತಿಲ್ಲ ಸಾರ್, ಮಲಗಿದೆ ಅನ್ನುತ್ತಾನೆ. ಆಮೇಲೆ ಮೂರ್ಛೆ ಹೋಗಿದೆ ಅನ್ನುತ್ತಾನೆ. ಅದು ನಾರ್ವೆಯ ನೀಲಿ ಗಿಣಿ, ಊರಿನ ನೆನಪಲ್ಲಿ ಕೊರಗುತ್ತಿದೆ ಅಂತಲೂ ಅನ್ನುತ್ತಾನೆ. ಕ್ಲೀಸ್ ಗಿಣಿಯನ್ನು ಕೌಂಟರಿಗೆ ಟಕ್ ಟಕ್ ಅಂತ ಕುಟ್ಟುತ್ತಾನೆ, ಮೇಲಕ್ಕೆ ಎಸೆದು ಬೀಳಲು ಬಿಡುತ್ತಾನೆ. ಅದರ ಕಾಲುಗಳನ್ನು ಕೊಂಬೆಗೆ ಮೊಳೆ ಹೊಡೆದು ನಿಲ್ಲಿಸಿದ್ದರು ಅನ್ನೋದೂ ಹೊರಬರುತ್ತದೆ. ಅದಕ್ಕೂ ಅಂಗಡಿಯವನ ಬಳಿ ಉತ್ತರ ಸಿದ್ಧವಾಗಿದೆ. ಮೊಳೆ ಹೊಡೆಯದಿದ್ದರೆ ಸರಳು ಬಗ್ಗಿಸಿ ಹಾರಿಹೋಗುತ್ತಿತ್ತಂತೆ!

ಕ್ಲಿಪ್‌ಗಳು ಸಾಮಾನ್ಯವಾಗಿ ಅಲ್ಲೇ ಎಲ್ಲೋ ನಿಲ್ಲುತ್ತವೆ. ಎಪಿಸೋಡ್‌ನಲ್ಲಿ ಕಥೆ ಮುಂದೆ ಹೋಗುತ್ತದೆ. ಬೋಲ್ಟನ್ ಅನ್ನೋ ಊರಲ್ಲಿ ನನ್ನ ತಮ್ಮನ ಅಂಗಡಿ ಇದೆ, ಅಲ್ಲಿ ಬದಲಿ ಕೊಡುತ್ತಾನೆ ಅಂತ ಅಂಗಡಿಯವ ಸಾಗಹಾಕುತ್ತಾನೆ. ಹೋಗಿ ನೋಡಿದರೆ ಅದೇ ಅಂಗಡಿ, ಅದೇ ಮನುಷ್ಯ, ಮೀಸೆ ಮಾತ್ರ ಅಂಟಿಸಿಕೊಂಡಿದ್ದಾನೆ. ಇದು ಬೋಲ್ಟನ್ ಅಲ್ಲ, ಇಪ್ಸ್‌ವಿಚ್ ಅನ್ನುತ್ತಾನೆ. ರೈಲು ತಪ್ಪು ಊರಿಗೆ ತಂದುಬಿಟ್ಟಿತು ಅಂತ ದೂರು ಹೇಳಲು ಕ್ಲೀಸ್ ರೈಲ್ವೆಯವರ ಹತ್ತಿರ ಹೋಗುತ್ತಾನೆ. ಕೊನೆಗೆ ಅವನಿಗೇ ಬೇಸರವಾಗಿ, ಇದು ಎಲ್ಲಿಗೋ ಹೋಗುತ್ತಿದೆ, ನಾನು ಮುಂದುವರಿಸಲ್ಲ ಅನ್ನುತ್ತಾನೆ. ಕರ್ನಲ್ ಬಂದು ಹೌದು ಹೌದು ಅಂತ ನಿಲ್ಲಿಸುತ್ತಾನೆ. ನ್ಯಾಯ ಸಿಗಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ 'ಸಾರ್, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ' ಅನ್ನಿಸಿಕೊಂಡವರಿಗೆ ಈ ಎರಡನೇ ಭಾಗವೇ ಜಾಸ್ತಿ ಅರ್ಥವಾಗುತ್ತದೆ.

ಇದರ ಬೇರು ಕೂಡ ಅಂಥದ್ದೇ. ಪೇಲಿನ್‌ಗೆ ಒಬ್ಬ ಗ್ಯಾರೇಜಿನವ ಗಂಟುಬಿದ್ದಿದ್ದ. ಕಾರಿನ ಏನೇ ತೊಂದರೆ ಹೇಳಿದರೂ ಅವನು ಒಪ್ಪುತ್ತಿರಲಿಲ್ಲ. ಅದರ ಮೇಲೆ 1968ರಲ್ಲಿ ಬೇರೊಂದು ಕಾರ್ಯಕ್ರಮಕ್ಕೆ ಕಾರಿನ ಸ್ಕಿಟ್ ಬರೆದರು. ಕ್ಲೀಸ್, ಚಾಪ್ಮನ್ ಅದನ್ನು ತಿದ್ದುವಾಗ ಕಾರು ಹೋಗಿ ಟೋಸ್ಟರ್ ಬಂತು. ಚಾಪ್ಮನ್ ಟೋಸ್ಟರ್ ತೆಗೆದು ಗಿಣಿ ಹಾಕಿದ.

ತುಂಡು ಮಾಡಿದರೆ ಅವರೇ ಕೋರ್ಟಿಗೆ ಹೋಗಿದ್ದರಂತೆ, ನಿಜವಾ?

ನಿಜ. 1975ರಲ್ಲಿ ಅಮೆರಿಕದ ಎಬಿಸಿ ಚಾನೆಲ್ ಕೊನೆಯ ಸೀಸನ್ನಿನ ಎಪಿಸೋಡ್‌ಗಳನ್ನು ಸೇರಿಸಿ 90 ನಿಮಿಷದ ಕಾರ್ಯಕ್ರಮ ಮಾಡಿತು. ಜಾಹೀರಾತಿಗೆ ಜಾಗ ಬೇಕು, ಕೆಲವು ಮಾತು ಅಸಭ್ಯ ಅಂತ 24 ನಿಮಿಷ ಕತ್ತರಿಸಿತು. ಎರಡನೆಯದೂ ಹಾಗೇ ಬರುತ್ತೆ ಅಂತ ಗೊತ್ತಾದಾಗ ತಂಡ ನ್ಯೂಯಾರ್ಕಿನಲ್ಲಿ ಕೇಸ್ ಹಾಕಿತು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ತಂಡದ ಪರ ತಡೆಯಾಜ್ಞೆ ಕೊಟ್ಟಿತು. ಬರೆದವರ ಹೆಸರು ಹಾಕಿ, ಅವರು ಬರೆದದ್ದನ್ನೇ ವಿಕಾರ ಮಾಡಿ ತೋರಿಸುವಂತಿಲ್ಲ ಅನ್ನೋದು ಅದರ ತಿರುಳು. ಅಮೆರಿಕದ ಲಾ ಕಾಲೇಜುಗಳಲ್ಲಿ ಈ ಕೇಸ್ ಇನ್ನೂ ಪಾಠ. ಆ ಕತ್ತರಿ ಈಗ ರೀಲ್ಸ್ ಮಾಡುವವರ ಕೈಯಲ್ಲಿದೆ, ಅಷ್ಟೇ.

ನನಗೆ ಇಂಗ್ಲೆಂಡಿನ ರಾಜಕೀಯ ಗೊತ್ತಿಲ್ಲ. ಅರ್ಥವಾಗುತ್ತಾ?

ಕೆಲವು ಆಗಲ್ಲ. ರೆಜಿನಾಲ್ಡ್ ಮೌಡ್ಲಿಂಗ್ ಅನ್ನೋ ಮಂತ್ರಿಯ ಹೆಸರು ಬಂದಾಗಲೆಲ್ಲ ಸ್ಟುಡಿಯೋದ ಜನ ಗೊಳ್ ಅಂತ ನಗುತ್ತಾರೆ, ನಾವು ಪಿಳಿಪಿಳಿ ನೋಡುತ್ತೇವೆ. ಅಲನ್ ವಿಕರ್ ಅನ್ನೋ ಟಿವಿ ವರದಿಗಾರನ ಅಣಕ ಇದೆ. ಅವನನ್ನು ನೋಡಿರದವರಿಗೆ ಅದು ಬರೀ ಮೀಸೆ ಕನ್ನಡಕದ ಜನರ ಗುಂಪು. ಇಂಥವನ್ನು ಓಡಿಸಿಬಿಡಿ, ನಷ್ಟವಿಲ್ಲ.

ಆದರೆ ಚುನಾವಣಾ ಫಲಿತಾಂಶದ ಸ್ಕಿಟ್ ಬಿಡಬೇಡಿ. 1970ರ ಜೂನ್‌ನಲ್ಲಿ ಬ್ರಿಟನ್‌ನಲ್ಲಿ ಚುನಾವಣೆ ಆಯಿತು, ನವೆಂಬರ್‌ನಲ್ಲಿ ಈ ಸ್ಕಿಟ್ ಬಂತು. ಕಣದಲ್ಲಿರುವುದು 'ವಿವೇಕಿ ಪಕ್ಷ' ಮತ್ತು 'ಪೆದ್ದ ಪಕ್ಷ'. ನಡುವೆ 'ಸ್ವಲ್ಪ ಪೆದ್ದ ಪಕ್ಷ' ಅಂತಲೂ ಒಂದಿದೆ. ಸ್ಟುಡಿಯೋದಲ್ಲಿ ನಿರೂಪಕನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಒಬ್ಬ ಸ್ವಿಂಗ್ ಲೆಕ್ಕ, ಅಂದರೆ ವೋಟು ಯಾವ ಪಕ್ಷದಿಂದ ಯಾವುದಕ್ಕೆ ಎಷ್ಟು ವಾಲಿತು ಅನ್ನೋದನ್ನ, ಹೇಳುತ್ತಾನೆ, ಇನ್ನೊಬ್ಬ ಆ ಲೆಕ್ಕದ ಅರ್ಥ ಹೇಳುತ್ತಾನೆ, ಮತ್ತೊಬ್ಬನಿಗೆ ಹೇಳಲು ಏನೂ ಇಲ್ಲ, ಆದರೂ ಕ್ಯಾಮೆರಾ ಅವನ ಕಡೆ ತಿರುಗುತ್ತದೆ. ಒಬ್ಬ ಅಭ್ಯರ್ಥಿಯ ಹೆಸರು ರೈಲಿನಷ್ಟು ಉದ್ದ. ಚುನಾವಣಾಧಿಕಾರಿ ಅದನ್ನು ಮುಖದ ಗೆರೆ ಬದಲಿಸದೆ ಓದಬೇಕು, ಓದುತ್ತಾನೆ. ಒಂದೇ ಒಂದು ವೋಟೂ ಬೀಳದ ಅಭ್ಯರ್ಥಿಯ ಸಂದರ್ಶನವೂ ಇದೆ. ಬೇಸರವಾಯಿತಾ ಅಂತ ಕೇಳಿದರೆ ಇಲ್ಲ ಅನ್ನುತ್ತಾನೆ, ಮುಖದ ತುಂಬಾ ನಗು.

ಎಣಿಕೆಯ ದಿನ ಬೆಳಿಗ್ಗೆ ಎಂಟರಿಂದ ಕನ್ನಡ ನ್ಯೂಸ್ ಚಾನೆಲ್ ಹಾಕಿಕೊಂಡು ಕೂರುವ ನಮಗೆ ಇದಕ್ಕೆ ಟಿಪ್ಪಣಿ ಬೇಕಾ? ಆ ಗ್ರಾಫಿಕ್ಸು, ಆ ಕಿರುಚಾಟ, ಎರಡು ಸುತ್ತು ಮುಗಿಯುವ ಮೊದಲೇ ಸರ್ಕಾರ ರಚನೆ! ಐವತ್ತು ವರ್ಷಕ್ಕಿಂತ ಹಳೆಯ ಈ ಅಣಕ ಬ್ರಿಟನ್ನಿಗಿಂತ ನಮ್ಮ ಟಿವಿಗೇ ಸರಿಯಾಗಿ ಹೊಂದುತ್ತದೆ.

ವಾದದ ಕ್ಲಿನಿಕ್ಕೂ ಹಾಗೇ. 1972ರ ಸ್ಕಿಟ್ ಅದು. ದುಡ್ಡು ಕೊಟ್ಟು ಐದು ನಿಮಿಷ ವಾದ ಮಾಡಿಸಿಕೊಳ್ಳುವ ಆಫೀಸು. ಪೇಲಿನ್ ಒಳಗೆ ಹೋದರೆ ಕ್ಲೀಸ್ ಪ್ರತಿ ಮಾತಿಗೂ ಇಲ್ಲ, ಇಲ್ಲ, ಇಲ್ಲ ಅನ್ನುತ್ತಾನೆ. ಇದು ವಾದವಲ್ಲ, ಸುಮ್ನೆ ಅಡ್ಡ ಮಾತು ಅಂತ ಪೇಲಿನ್ ರೇಗುತ್ತಾನೆ. ಅಲ್ಲ, ವಾದವೇ ಅನ್ನುತ್ತಾನೆ ಕ್ಲೀಸ್. ರಾತ್ರಿ ಒಂಬತ್ತರ ಚರ್ಚೆ ನೋಡುವವರು ಈ ಸ್ಕಿಟ್ ಒಮ್ಮೆ ನೋಡಲೇಬೇಕು.

ವಿಚಿತ್ರ ನಡಿಗೆಯ ಮಂತ್ರಿ? ಎಲ್ಲರೂ ಅದನ್ನೇ ಹೇಳ್ತಾರಲ್ಲ.

ಹೇಳ್ತಾರೆ. ನನಗೆ ಮಾತ್ರ ಅದು ಸ್ವಲ್ಪ ಜಾಸ್ತಿ ಹೊಗಳಿಸಿಕೊಂಡ ಸ್ಕಿಟ್ ಅನ್ನಿಸುತ್ತೆ. ನಡಿಗೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಕ್ಲೀಸ್ ಆರು ಅಡಿ ಐದು ಇಂಚಿನ ಆಳು. ಸಾಹೇಬರ ಗುಂಡನೆಯ ಬೌಲರ್ ಟೊಪ್ಪಿ, ಬ್ರೀಫ್‌ಕೇಸ್, ಮುಖ ಗಂಭೀರ. ಸೊಂಟದ ಕೆಳಗೆ ಮಾತ್ರ ಬೇರೆ ಯಾರದೋ ಕಾಲು. ಬರೆದವರು ಪೇಲಿನ್ ಮತ್ತು ಜೋನ್ಸ್, ಬಂದದ್ದು 1970ರ ಸೆಪ್ಟೆಂಬರ್ 15ರಂದು. ನನಗೆ ಹಿಡಿಸುವುದು ಆಮೇಲಿನ ಮಾತುಕತೆ. ಪೇಲಿನ್ ತನ್ನ ನಡಿಗೆಗೆ ಸರ್ಕಾರದ ಅನುದಾನ ಕೇಳಿಕೊಂಡು ಬಂದಿರುತ್ತಾನೆ. ನಡೆದು ತೋರಿಸಿದರೆ, ಇದರಲ್ಲಿ ವಿಚಿತ್ರ ಏನೂ ಜಾಸ್ತಿ ಇಲ್ಲವಲ್ಲ ಅಂತ ಮಂತ್ರಿ ಅನುಮಾನಿಸುತ್ತಾನೆ. ಅನುದಾನ ಸಿಕ್ಕರೆ ಅಭಿವೃದ್ಧಿ ಮಾಡ್ತೀನಿ ಅಂತ ಇವನು ದೈನ್ಯದಿಂದ ಹೇಳುತ್ತಾನೆ. ಬಜೆಟ್‌ನಲ್ಲಿ ರಕ್ಷಣೆಗೆ ಕೊಟ್ಟಷ್ಟು ನಮಗೆ ಕೊಡಲ್ಲ ಅನ್ನೋದು ಮಂತ್ರಿಯ ಗೋಳು. ಇಲಾಖೆಗಳ ಬಾಗಿಲು ತಿರುಗಿದ ಯಾರಿಗೂ ಈ ದೃಶ್ಯ ಹೊಸದಲ್ಲ.

ವಿಜ್ಞಾನಿಗಳೂ ಇದನ್ನು ಬಿಟ್ಟಿಲ್ಲ. 2022ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. 13 ಜನರನ್ನು ಹೀಗೆ ನಡೆಸಿ ನೋಡಿದರು. ಮಂತ್ರಿಯ ನಡಿಗೆಗೆ ಮಾಮೂಲಿ ನಡಿಗೆಯ ಸುಮಾರು ಎರಡೂವರೆ ಪಟ್ಟು ಶಕ್ತಿ ಬೇಕಂತೆ. ಆ ಪತ್ರಿಕೆ ಕ್ರಿಸ್ಮಸ್ ಹೊತ್ತಿಗೆ ಇಂಥ ತುಂಟ ಅಧ್ಯಯನ ಹಾಕುತ್ತದೆ, ಆದರೆ ಅಳತೆಗಳು ನಿಜವಾದವೇ.

ಈಗ ನೋಡಿದರೆ ಮುಜುಗರ ಆಗುವಂಥದ್ದು ಏನಿದೆ?

ಇದೆ, ಮುಚ್ಚಿಡಬೇಕಾಗಿಲ್ಲ. ಮುಖಕ್ಕೆ ಕಪ್ಪು ಬಳಿದುಕೊಂಡ ಪಾತ್ರಗಳಿವೆ. ಕಣ್ಣು ಕಿರಿದು ಮಾಡಿ ಚೀನಾ, ಜಪಾನಿನವರ ಉಚ್ಚಾರಣೆ ಆಡಿಕೊಳ್ಳುವ ಸ್ಕಿಟ್‌ಗಳಿವೆ. ಮೂರನೇ ಸೀಸನ್‌ನಲ್ಲಿ ಅಂಥವು ಜಾಸ್ತಿ. ಅಲ್ಲಿ ನಗುವುದಕ್ಕೆ ಬೇರೇನೂ ಇಲ್ಲ. ಉಚ್ಚಾರಣೆ ತೆಗೆದರೆ ಸ್ಕಿಟ್ಟೇ ಇಲ್ಲ. ಆಗಿನ ಕಾಲ ಹಾಗಿತ್ತು ಅನ್ನೋ ಮಾತು ಅರ್ಧ ಸರಿ. ಆದರೆ ಉಳಿದ ಎಲ್ಲ ವಿಷಯದಲ್ಲೂ ಕಾಲಕ್ಕಿಂತ ಮುಂದೆ ಇದ್ದವರು ಇಲ್ಲಿ ಮಾತ್ರ ಕಾಲದ ಜೊತೆಗೇ ನಡೆದರು ಅನ್ನೋದು ಚುಚ್ಚುತ್ತದೆ.

ಹೆಂಗಸರ ವಿಷಯ ಸ್ವಲ್ಪ ಗೋಜಲು. ನಡುವಯಸ್ಸಿನ ಹೆಂಗಸರ ಪಾತ್ರಗಳನ್ನೆಲ್ಲ ಗಂಡಸರೇ ಮಾಡುತ್ತಿದ್ದರು. ಕೀರಲು ದನಿ, ತಲೆಗೆ ಸ್ಕಾರ್ಫ್, ಕೈಯಲ್ಲಿ ಚೀಲ. ನಮ್ಮ ಕಾಮಿಡಿ ಶೋಗಳಲ್ಲಿ ಇವತ್ತಿಗೂ ಗಂಡಸು ಸೀರೆ ಉಟ್ಟು ಬಂದರೆ ಚಪ್ಪಾಳೆ ಬೀಳುತ್ತದೆ, ಹಾಗಾಗಿ ನಮಗೆ ಇದು ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷದ ಹಾಗೆ ಇದರಲ್ಲಿ ಲಾಲಿತ್ಯ ಹುಡುಕಬೇಡಿ. ಇಲ್ಲಿರುವುದು ಬರೀ ಗಂಟಲು. ಆದರೂ ಇವರು ಮಾಡಿದ ಹೆಂಗಸರೆಲ್ಲ ಬರೀ ಅಣಕವಲ್ಲ. ಲಾಂಡ್ರಿಯಲ್ಲಿ ಕೂತು ಜೀನ್ ಪಾಲ್ ಸಾರ್ತ್ರ್‌ನ ತತ್ವಶಾಸ್ತ್ರದ ಬಗ್ಗೆ ಜಗಳವಾಡುವ ಇಬ್ಬರು ಹೆಂಗಸರಿದ್ದಾರಲ್ಲ (ವೇಷ ಹಾಕಿದವರು ಕ್ಲೀಸ್, ಚಾಪ್ಮನ್), ಅವರನ್ನು ನೋಡಿ ನಗುವಾಗ ಯಾರನ್ನೂ ಕೀಳು ಮಾಡಿದ ಹಾಗೆ ಅನ್ನಿಸುವುದಿಲ್ಲ.

ನಿಜವಾದ ನಷ್ಟ ಆದದ್ದು ಕ್ಯಾರಲ್ ಕ್ಲೀವ್‌ಲ್ಯಾಂಡ್‌ಗೆ. ನಾಲ್ಕೂ ಸೀಸನ್‌ಗಳಲ್ಲಿ ಕಾಣುವ ನಟಿ ಅವರು. ಕಾಮಿಡಿ ಟೈಮಿಂಗ್ ಚೆನ್ನಾಗಿತ್ತು. ಸಿಕ್ಕಿದ್ದು ಹೆಚ್ಚಾಗಿ ಚಂದದ ಹುಡುಗಿಯ ಪಾತ್ರ, ಕಡಿಮೆ ಬಟ್ಟೆ, ಕಡಿಮೆ ಮಾತು.

ಸಲಿಂಗಿಗಳನ್ನು ಒನಪು ಮಾಡಿ ತೋರಿಸುವ ತಮಾಷೆಯೂ ಆಗಾಗ ಬರುತ್ತದೆ. ತಂಡದ ಚಾಪ್ಮನ್ ಸ್ವತಃ ಸಲಿಂಗಿ. ಬ್ರಿಟನ್ನಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ದೊಡ್ಡ ದೊಡ್ಡವರೇ ಹೆದರುತ್ತಿದ್ದ ಕಾಲದಲ್ಲಿ ಆತ ಹೇಳಿಕೊಂಡಿದ್ದ. ಅದರಿಂದ ಆ ಸ್ಕಿಟ್‌ಗಳೆಲ್ಲ ಸರಿಹೋಗುತ್ತವೆ ಅಂತಲ್ಲ. ಗೊತ್ತಿದ್ದರೆ ನೋಡುವ ಕಣ್ಣು ಸ್ವಲ್ಪ ಬದಲಾಗುತ್ತೆ.

ಇಂಥ ತಂಡ ಇವತ್ತು ಟಿವಿಗೆ ಬರಬಹುದಾ?

ಈ ಪ್ರಶ್ನೆ ಬಿಬಿಸಿಯಲ್ಲೇ ಎದ್ದಿತ್ತು. 2018ರಲ್ಲಿ ಅಲ್ಲಿನ ಕಾಮಿಡಿ ಮುಖ್ಯಸ್ಥರು, ಈಗ ತಂಡ ಕಟ್ಟಿದರೆ ಆಕ್ಸ್‌ಫರ್ಡ್ ಕೇಂಬ್ರಿಜ್‌ನ ಆರು ಜನ ಬಿಳಿ ಗಂಡಸರದ್ದಾಗಿರುವುದಿಲ್ಲ ಅನ್ನೋ ಅರ್ಥದ ಮಾತಾಡಿದರು. ಗಿಲಿಯಂ ಕೆಂಡವಾದ. ನನಗೆ ಇಬ್ಬರ ಮಾತೂ ಅಷ್ಟೇನೂ ಮುಖ್ಯ ಅನ್ನಿಸಲಿಲ್ಲ. ಆಗ ಅವರಿಗೆ ಸಿಕ್ಕ ದೊಡ್ಡ ವರ ಬೇರೆಯೇ ಇತ್ತು. ಬಿಬಿಸಿ ಅವರಿಗೆ ಪೂರ್ತಿ 13 ಎಪಿಸೋಡ್ ಕೊಟ್ಟಿತು, ಏನು ಮಾಡ್ತೀರಿ ಅಂತ ಹೆಚ್ಚು ಕೇಳಲಿಲ್ಲ. ಮೊದಲ ವಾರದಲ್ಲೇ ವ್ಯೂಸ್ ಲೆಕ್ಕ ಹಾಕುವ ಕಾಲದಲ್ಲಿ ಆ ಸಾವಧಾನ ಯಾರ ಹತ್ತಿರ ಇದೆ?

ಇದೆಲ್ಲ ಪೈಥಾನ್‌ನವರೇ ಕಂಡುಹಿಡಿದದ್ದಾ?

ಅಲ್ಲ. ಪಂಚ್ ಇಲ್ಲದೆ ಸ್ಕಿಟ್ ಬಿಟ್ಟುಬಿಡುವುದನ್ನು ಸ್ಪೈಕ್ ಮಿಲಿಗನ್ ಅನ್ನೋ ಹಾಸ್ಯನಟ ಪೈಥಾನ್‌ನವರಿಗಿಂತ ಕೆಲವೇ ತಿಂಗಳು ಮೊದಲು, 1969ರ ಮಾರ್ಚ್‌ನಲ್ಲಿ ಶುರುವಾದ ತನ್ನ ಬಿಬಿಸಿ ಕಾರ್ಯಕ್ರಮದಲ್ಲಿ ಮಾಡಿದ್ದ. ಅದನ್ನು ನೋಡಿ ಪೈಥಾನ್ ಬಳಗ ಬೆಚ್ಚಿಬಿತ್ತು, ನಾವು ಮಾಡಬೇಕೆಂದಿದ್ದನ್ನು ಇವನೇ ಮಾಡಿಬಿಟ್ಟನಲ್ಲ ಅಂತ. ಆಮೇಲೆ ಆ ಕಾರ್ಯಕ್ರಮದ ನಿರ್ದೇಶಕ ಇಯಾನ್ ಮೆಕ್‌ನಾಟನ್‌ನನ್ನೇ ತಮ್ಮ ಕಡೆ ಕರೆಸಿಕೊಂಡರು. ಅಂದಹಾಗೆ, ಈ ಮಿಲಿಗನ್ ಹುಟ್ಟಿದ್ದು ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಬಾಲ್ಯ ಕಳೆದದ್ದು ಪುಣೆ ಮತ್ತು ರಂಗೂನ್‌ನಲ್ಲಿ.

ಚಿತ್ರದ ಗುಣಮಟ್ಟ ಹೇಗಿದೆ? ಒಳಗೆ ಒಂದು ಥರ, ಹೊರಗೆ ಒಂದು ಥರ ಕಾಣುತ್ತಲ್ಲ?

ಸ್ಟುಡಿಯೋ ದೃಶ್ಯಗಳು ವಿಡಿಯೋ ಟೇಪ್‌ನಲ್ಲಿ, ಹೊರಾಂಗಣದವು 16 ಎಂಎಂ ಫಿಲ್ಮ್‌ನಲ್ಲಿ ಇವೆ. ಆಗಿನ ಬಿಬಿಸಿಯ ರೂಢಿ ಅದು. ಟೇಪ್ ಹೊಳೆಯುತ್ತದೆ, ಫಿಲ್ಮ್ ಮಸುಕು ಮಸುಕು. ಇದನ್ನೂ ಅವರು ತಮಾಷೆಗೆ ಎಳೆದುಕೊಂಡರು. ಒಂದು ಸಭೆಯಲ್ಲಿ ಕೂತವರು ಬಾಗಿಲು ತೆಗೆದು ಹೊರಗೆ ಕಾಲಿಡುತ್ತಾರೆ, ಅಯ್ಯೋ ನಾನು ಫಿಲ್ಮ್‌ನಲ್ಲಿದ್ದೀನಿ ಅಂತ ಗಾಬರಿಯಾಗಿ ಒಳಗೆ ಓಡುತ್ತಾರೆ. ಕಿಟಕಿಯಿಂದ ಇಣುಕಿದರೂ ಅದೇ. ಈ ಕೋಣೆಯ ಸುತ್ತ ಫಿಲ್ಮ್ ಇದೆ, ನಾವು ಸಿಕ್ಕಿಬಿದ್ದಿದ್ದೇವೆ ಅಂತ ಗೋಳಾಡುತ್ತಾರೆ.

ಇಷ್ಟಾದರೂ ಉಳಿದಿರುವುದು ನಮ್ಮ ಪುಣ್ಯ. ಆಗ ಬಿಬಿಸಿ ಹಳೆಯ ಟೇಪ್ ಅಳಿಸಿ ಮತ್ತೆ ಬಳಸುತ್ತಿತ್ತು. ಅದೇ ಕಾಲದ ಬೇರೆ ಕಾಮಿಡಿಗಳ ಎಷ್ಟೋ ಎಪಿಸೋಡ್ ಹೀಗೇ ಹೋದವು.

ಮಕ್ಕಳ ಜೊತೆ ನೋಡಬಹುದಾ?

ಆರಿಸಿ ತೋರಿಸಿ. ಮೀನಿನಿಂದ ಕೆನ್ನೆಗೆ ಬಾರಿಸಿಕೊಳ್ಳುವ ಕುಣಿತ ಎಲ್ಲ ವಯಸ್ಸಿಗೂ ಆಗುತ್ತದೆ. ಬೆತ್ತಲೆ ದೃಶ್ಯಗಳು, ರಕ್ತ ಚಿಮ್ಮುವ ಅಣಕ ಕೂಡ ಇವೆ. ಎರಡನೇ ಸೀಸನ್ನಿನ ಕೊನೆಯ ಸ್ಕಿಟ್‌ನಲ್ಲಿ ಶವಸಂಸ್ಕಾರದವನು ಸತ್ತ ತಾಯಿಯನ್ನು ಬೇಯಿಸಿ ತಿನ್ನೋಣವಾ ಅನ್ನುತ್ತಾನೆ. ಸ್ಟುಡಿಯೋದ ಜನ ಸಿಟ್ಟಾಗಿ ವೇದಿಕೆಗೆ ನುಗ್ಗುವ ಹಾಗೆ ತೋರಿಸಿದರೆ ಮಾತ್ರ ಬಿಡುತ್ತೇವೆ ಅಂತ ಬಿಬಿಸಿ ಷರತ್ತು ಹಾಕಿತ್ತು. ಹಾಗೇ ತೋರಿಸಿದರು.

ಎಲ್ಲಿಂದ ಶುರು ಮಾಡಲಿ? ಯಾವುದನ್ನು ಬಿಡಲಿ?

ಮೊದಲ ಎಪಿಸೋಡ್‌ನಿಂದ ಬೇಡ. ಅದರಲ್ಲಿ ತಂಡಕ್ಕೇ ಇನ್ನೂ ದಾರಿ ಸಿಕ್ಕಿಲ್ಲ. ಎರಡನೇ ಸೀಸನ್ನಿನ ಮೊದಲ ಎರಡು ಎಪಿಸೋಡ್ ಹಾಕಿ. ಎರಡನೆಯದರಲ್ಲಿ ಸ್ಪೇನಿನ ಧರ್ಮವಿಚಾರಣೆಯ, ಅಂದರೆ ಹಿಂದೆ ಅಲ್ಲಿ ಚರ್ಚಿನ ಮಾತು ಮೀರಿದವರನ್ನು ಹಿಡಿದು ಶಿಕ್ಷಿಸುತ್ತಿದ್ದ ನ್ಯಾಯಮಂಡಳಿಯ, ಕೆಂಪು ನಿಲುವಂಗಿಯ ಪಾದ್ರಿಗಳು ಬಾಗಿಲು ಒದ್ದು ನುಗ್ಗುತ್ತಾರೆ. ನಮ್ಮ ಮುಖ್ಯ ಆಯುಧ ಒಂದೇ ಅಂತ ಶುರುಮಾಡಿ ಎರಡು, ಮೂರು ಅಂತ ಲೆಕ್ಕ ತಪ್ಪಿ, ಹೊರಗೆ ಹೋಗಿ ಮತ್ತೆ ನುಗ್ಗುತ್ತಾರೆ. ಚಿತ್ರಹಿಂಸೆಗೆ ಮೆತ್ತನೆ ದಿಂಬಿನಲ್ಲಿ ತಿವಿಯುತ್ತಾರೆ. ಅದು ಹಿಡಿಸಿದರೆ ಮೊದಲ ಸೀಸನ್ನಿನ ಎಂಟನೆಯದಕ್ಕೆ ಬನ್ನಿ, ಗಿಣಿ ಅಲ್ಲಿದೆ. ಆಮೇಲೆ ಚುನಾವಣೆಯದು, ಎರಡನೇ ಸೀಸನ್ನಿನ ಆರನೆಯದು.

ಮೂರನೇ ಸೀಸನ್‌ನಲ್ಲಿ ಆರಿಸಿ ನೋಡಿ. ನಾಲ್ಕನೆಯದಕ್ಕೆ ಕ್ಲೀಸ್ ಇಲ್ಲ, ಬೇಸತ್ತು ಹೊರಟುಹೋಗಿದ್ದ. ಅದು ಬರೀ ಆರು ಎಪಿಸೋಡ್. ನಡುನಡುವೆ ಕುಂಟುತ್ತದೆ. ಸಮಯ ಕಡಿಮೆ ಇದ್ದರೆ ಅದನ್ನು ಪೂರ್ತಿ ಬಿಡಬಹುದು.

ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬರುತ್ತಿದ್ದರೂ ಸಬ್‌ಟೈಟಲ್ ಹಾಕಿಕೊಳ್ಳಿ. ಐಡಲ್ ಮಾತಾಡುವ ವೇಗಕ್ಕೆ ಅಲ್ಲಿನವರೇ ತಡವರಿಸುತ್ತಾರೆ. ಒಂದು ಸಲಕ್ಕೆ ಒಂದೇ ಎಪಿಸೋಡ್ ಸಾಕು. ಎರಡನೆಯದರ ಅರ್ಧಕ್ಕೆ ಬರುವಷ್ಟರಲ್ಲಿ ತಲೆ ಕಾದು, ನಗಬೇಕಾದಲ್ಲಿ ಬರೀ ತಲೆಯಾಡಿಸುತ್ತಾ ಕೂರುತ್ತೀರಿ.